ಬಲಗೈ ತೋಳು ಒಂದು ಬೆರಳು ಉದ್ದ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ಬಂಗಾರಪೇಟೆಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಎಲ್ಲರ ಮನೆ ಮುಂದೆಯೂ ಸಿಪ್ಪೆಯ ರಾಶಿ, ಎಲ್ಲರ ಬೆರಳಲ್ಲೂ ಸೊಗಡು, ಎಲ್ಲರ ಒಲೆಯ ಮೇಲೂ ಹಿದಕಬೇಳೆ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿ, ಬೇಳೆಯನ್ನು ಎದುರಿಗೆ ಕೂತವರ ಮುಖಕ್ಕೆ ಚಿಮ್ಮಿಸಿ ಬೈಸಿಕೊಂಡವರು ನೀವಾಗಿದ್ದರೆ ಆ ಕಾಲ ನಿಮಗೂ ಗೊತ್ತು. ನನಗೆ ಮಾತ್ರ ಇವತ್ತಿಗೂ ಆ ಸೊಗಡು ಮೂಗಿಗೆ ಬಡಿದರೆ ಬಾಯಲ್ಲಿ ನೀರೂರುವ ಮೊದಲು ಹಳೆಯ ಭಯವೊಂದು ನೆನಪಾಗುತ್ತದೆ. ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮನ ಒಂದು ರವಿಕೆ.

ಚಿಕ್ಕಮ್ಮ ಅಂದರೆ ಅಮ್ಮನ ಒಬ್ಬಳೇ ತಂಗಿ, ಮುನಿರತ್ನಮ್ಮ. ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ತಾತನದು ರಾಗಿ ಹೊಲ, ನಾಲ್ಕು ಹಸು, ಊರಿಗೆಲ್ಲ ಕೇಳಿಸುವ ಗಂಟಲು. ಹೊಲಿಗೆ ಕಲಿತಿದ್ದರೆ ಒಳ್ಳೆಯ ಕಡೆ ಸಂಬಂಧ ಸಿಗುತ್ತದೆ ಎಂದು ತಾತನನ್ನು ಒಪ್ಪಿಸಿ ಅಮ್ಮ ತಂಗಿಯನ್ನು ನಮ್ಮ ಮನೆಗೆ ಕರೆಸಿಕೊಂಡಿದ್ದಳು. ಸ್ಟೇಷನ್ನಿನ ಹಿಂದೆಯೇ ನಮ್ಮ ಮನೆ. ಬೆಳಿಗ್ಗೆ ಮಾರಿಕುಪ್ಪಂ ಕಡೆಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಊರಿಗಾಂ. ಅಲ್ಲಿ ಚಿನ್ನದ ಗಣಿ ಕೆಲಸದವರ ಲೈನ್ ಮನೆಗಳ ಸಾಲಿನಲ್ಲಿ ಸ್ಟೆಲ್ಲಾ ಟೀಚರ್ ಎಂಬ ತಮಿಳು ಹೆಂಗಸು ತನ್ನ ಮುಂದಿನ ಕೋಣೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದರು. ಭಾನುವಾರ "ಎಂಬ್ರಾಯ್ಡರಿ ಕ್ಲಾಸು" ಬೇರೆ ಇತ್ತು. ಭಾನುವಾರ ರೈಲಿನಲ್ಲಿ ಪೋಲಿ ಹುಡುಗರು ಜಾಸ್ತಿ ಎಂದು ಅಮ್ಮ ನನ್ನನ್ನು ಚಿಕ್ಕಮ್ಮನ ಜೊತೆಗೆ ಕಳಿಸುತ್ತಿದ್ದಳು. ಅಮ್ಮ ಕಾವಲಿಗೆ ಆರಿಸಿದ್ದು ಒಬ್ಬ ಹುಟ್ಟಾ ಪುಕ್ಕಲಿಯನ್ನು. ರೈಲು ಹೊರಟ ಕೂಡಲೇ ನಾನು ಟಿಕೇಟು ಬಿದ್ದುಹೋಗಿದೆಯೇನೋ ಎಂದು ಹೆದರುತ್ತಿದ್ದೆ. ಟಿಕೇಟು ಇದೆ ಎಂದರೆ, ಇಳಿಯುವ ಮೊದಲೇ ರೈಲು ಹೊರಟುಬಿಟ್ಟರೆ ಎಂದು ಹೆದರುತ್ತಿದ್ದೆ.

ಎಂಬ್ರಾಯ್ಡರಿ ಕ್ಲಾಸಿನಲ್ಲಿ ಸೂಜಿ ದಾರ ನಾನು ಕಂಡಿದ್ದೇ ಕಡಿಮೆ. ಟೀಚರ ತಮ್ಮ ವಾರವೆಲ್ಲ ಗಣಿಯೊಳಗೆ ಇಳಿಯುತ್ತಿದ್ದವನು, ಭಾನುವಾರ ಗಿಟಾರು ಹಿಡಿಯುತ್ತಿದ್ದ. ಅವನದೊಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ಹಾಡುತ್ತಿದ್ದ ಹುಡುಗಿ ಮದುವೆಯಾಗಿ ಮದ್ರಾಸಿಗೆ ಹೋಗಿಬಿಟ್ಟಿದ್ದಳು. ಚಿಕ್ಕಮ್ಮನಿಗೆ ಮಿಷನ್ ತುಳಿಯುವಾಗ ಹಾಡುವ ಅಭ್ಯಾಸ. ತಾತನ ಮನೆಯಲ್ಲಿ ಬಾಯಿಬಿಟ್ಟು ಹಾಡಿದರೆ ಬೈಗುಳ ಬೀಳುತ್ತಿದ್ದರಿಂದ ಏನಾದರೊಂದು ಸದ್ದಿನ ಮರೆಯಲ್ಲೇ ಹಾಡಲು ಕಲಿತಿದ್ದಳು. ಒಂದು ದಿನ ಮಿಷನ್ನಿನ ಪಟ್ಟಿ ಕಿತ್ತುಹೋಗಿ ಸದ್ದು ನಿಂತಿತು, ಹಾಡು ನಿಲ್ಲಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಟೀಚರ ತಮ್ಮ ಊಟದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದ. ಕನ್ನಡ, ತೆಲುಗು, ತಮಿಳು ಮೂರನ್ನೂ ನಾಲಿಗೆ ತಡವರಿಸದೆ ಹಾಡುವ ಹುಡುಗಿ ಅವನಿಗೆ ಮನೆಯೊಳಗೇ ಸಿಕ್ಕಿದ್ದಳು. ಅವತ್ತಿನಿಂದ ನಮ್ಮ ಚಿಕ್ಕಮ್ಮ ಊರಿಗಾಂನಲ್ಲಿ ಮಿಸ್ ಶೀಲಾ ಆದಳು.

"ಮಂಜೀ, ನಿಮ್ಮಮ್ಮನ ತಾವ ಬಾಯಿ ಬಿಟ್ಟೀಯ, ಉಸಾರು!" ಎಂದು ಅವಳು ರೈಲಿನಲ್ಲಿ ನನ್ನ ಗಲ್ಲ ಹಿಡಿದು ಹೇಳುತ್ತಿದ್ದಳು. "ಅಪ್ಪಂಗೆ ಗೊತ್ತಾದ್ರೆ ಅವತ್ತೇ ನನ್ನ ಊರಿಗೆ ಎಳ್ಕೊಂಡು ಓಯ್ತಾನೆ. ಆಮೇಲೆ ಯಾರೂ ಮದ್ವೆನೂ ಆಗಲ್ಲ, ಆಚೆಗೂ ಬಿಡಲ್ಲ."

ಉತ್ಪ್ರೇಕ್ಷೆಯಲ್ಲ. ಆರ್ಕೆಸ್ಟ್ರಾದೋಳು ಅಂದರೆ ನಮ್ಮ ಕಡೆ ಆಗ ಒಂದೇ ಅರ್ಥ, ಅದನ್ನು ಮಕ್ಕಳ ಮುಂದೆ ಹೇಳುತ್ತಿರಲಿಲ್ಲ. ಅರ್ಥ ಗೊತ್ತಿಲ್ಲದ್ದರಿಂದಲೇ ನನಗೆ ಭಯ ಇನ್ನೂ ಹೆಚ್ಚು. ಮನೆಯಲ್ಲಿ ಯಾರಾದರೂ "ಹಾಡು" ಎಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈಗ ರವಿಕೆಯ ವಿಷಯ. ಚಿಕ್ಕಮ್ಮನ ಬಲಗೈ ಮೇಲೆ, ಮೊಣಕೈಯಿಂದ ಕೆಳಕ್ಕೆ ಸುಟ್ಟ ಕಲೆ ಇತ್ತು. ಚಿಕ್ಕವಳಿದ್ದಾಗ ಮುದ್ದೆಯ ಎಸರು ಉರುಳಿ ಆದದ್ದು. ಕೂತಾಗ, ನಿಂತಾಗ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಆದರೆ ಮೈಕು ಹಿಡಿದು ಕೈ ಎತ್ತಿದರೆ ಸೆರಗು ಎಲ್ಲಿ ನಿಲ್ಲುತ್ತದೆ? ಅದಕ್ಕೆ ತಾನೇ ಒಂದು ತೋಳು ಯೋಚಿಸಿ ಹೊಲಿದಳು. ಅಜ್ಜಿಯ ಧಾರೆ ಸೀರೆ ಚಿಂದಿಯಾಗಿ ಕೌದಿಗೆಂದು ಎತ್ತಿಟ್ಟಿದ್ದರು, ರಾಮಾ ಹಸಿರು ಬಣ್ಣದ್ದು. ಅದರಲ್ಲಿ ಗಟ್ಟಿ ಉಳಿದಿದ್ದ ಭಾಗವನ್ನು ಕತ್ತರಿಸಿ, ಮೊಣಕೈವರೆಗೆ ಬಿಗಿಯಾಗಿ ಕೂತು ಅಲ್ಲಿಂದ ನೆರಿಗೆ ನೆರಿಗೆಯಾಗಿ ಇಳಿಬೀಳುವ ಫ್ರಿಲ್ ಇಟ್ಟು, ತುದಿಗೆ ಹಳೆಯ ಜರಿಯನ್ನೇ ಕೊಟ್ಟಳು. ಕಲೆ ಪೂರ್ತಿ ಮುಚ್ಚಲೆಂದು ಬಲಗೈ ತೋಳನ್ನು ಎಡಗೈಗಿಂತ ಒಂದು ಬೆರಳು ಉದ್ದ ಮಾಡಿದಳು.

ದೀಪಾವಳಿಯ ಸುಮಾರಿಗೆ ಊರಿಗಾಂನ ಹಾಲ್ ಒಂದರಲ್ಲಿ ಮಧ್ಯಾಹ್ನ ಕಾರ್ಯಕ್ರಮ. ನಾನು ಮೊದಲ ಸಾಲಿನಲ್ಲಿ ಟೀಚರ ಪಕ್ಕ ಕೂತು ಬಾಗಿಲನ್ನೇ ನೋಡುತ್ತಿದ್ದೆ, ತಾತ ಬಂದುಬಿಟ್ಟರೆ ಎಂದು. ತಾತ ಜನ್ಮದಲ್ಲಿ ಊರಿಗಾಂಗೆ ಬಂದವನಲ್ಲ, ಆದರೂ ನೋಡುತ್ತಿದ್ದೆ. ಮೊದಲ ಹಾಡು ಶುರುವಾಗುವ ಹೊತ್ತಿಗೆ ಭೂಮಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದು ಕುರ್ಚಿಗಳು ಗಡಗಡ ಎಂದವು. ಅಲ್ಲಿಯವರಿಗೆ ಅದು ದಿನನಿತ್ಯದ್ದು, ಒಬ್ಬರೂ ತಲೆ ತಿರುಗಿಸಲಿಲ್ಲ. ಚಿಕ್ಕಮ್ಮನೂ ನಿಲ್ಲಿಸಲಿಲ್ಲ. ಅವಳ ಧ್ವನಿ ಅಷ್ಟು ದೊಡ್ಡದು ಎಂದು ನನಗೆ ಆವತ್ತೇ ಗೊತ್ತಾದದ್ದು. ಅವಳು ಕೈ ಎತ್ತಿದಾಗ ಹಸಿರು ಫ್ರಿಲ್ ಗಾಳಿಗೆ ಬಿಚ್ಚಿಕೊಂಡು, ಕೈ ಇಳಿಸಿದಾಗ ಮಡಚಿಕೊಳ್ಳುತ್ತಿತ್ತು. ಹೆದರಿಕೆ ಮರೆತು ಬಾಯಿ ತೆರೆದು ನೋಡಿದೆ. ಅಷ್ಟು ಸಂತೋಷ ನಾನು ಆ ವಯಸ್ಸಿನಲ್ಲಿ ಮತ್ತೆ ಪಟ್ಟ ನೆನಪಿಲ್ಲ.

ಮುಂದಿನ ಭಾನುವಾರ ಟೀಚರ ಮನೆ ಮುಂದೆ ಹುಡುಗಿಯರ ಗುಂಪು. ಎಲ್ಲರಿಗೂ "ಶೀಲಾ ತೋಳು" ಬೇಕು. ಟೀಚರ್ ಎರಡೂ ತೋಳು ಸಮ ಇಟ್ಟು ಕತ್ತರಿಸಹೊರಟರೆ ಒಬ್ಬಳು ಕೈ ಹಿಡಿದಳು.

"ಅಯ್ಯೋ ಟೀಚರ್, ಶೀಲಾ ಅಕ್ಕಂದು ಅಂಗಿಲ್ಲ. ಬಲಗೈ ಒಸಿ ಉದ್ದ. ಅದೇ ಸ್ಟೈಲು!"

ಟೀಚರ್ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮುಚ್ಚಿಕೊಳ್ಳಲು ಮಾಡಿದ್ದನ್ನು ಮೆರೆಯಲು ಬೇಕೆನ್ನುತ್ತಾರಲ್ಲ ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ನಕ್ಕಳು. ಕ್ರಿಸ್‌ಮಸ್ ಹೊತ್ತಿಗೆ ಊರಿಗಾಂನಿಂದ ಮಾರಿಕುಪ್ಪಂವರೆಗೆ ಕಾಲೇಜು ಹುಡುಗಿಯರೆಲ್ಲ ಬಲಗೈ ತೋಳು ಉದ್ದ ಬಿಟ್ಟುಕೊಂಡು ತಿರುಗುತ್ತಿದ್ದರು.

ಕ್ರಿಸ್‌ಮಸ್‌ಗೆ ಇನ್ನೂ ತಿಂಗಳಿರುವಾಗಲೇ ಕಾಮಸಮುದ್ರದ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಹಾಲಿನ ಡೇರಿಯಲ್ಲಿ ಕೆಲಸ, ಹೊಲ, ಹಸು, ಕೆಟ್ಟ ಅಭ್ಯಾಸ ಇಲ್ಲ. ಧನುರ್ಮಾಸ ಹಿಡಿಯುವ ಮೊದಲೇ ಮಾತು ಮುಗಿಯಬೇಕೆಂದು ತಾತನಿಗೆ ಆತುರ. ಹುಡುಗ ನೋಡಲು ಬಂದಾಗ ಚಿಕ್ಕಮ್ಮ ಬಾಗಿಲ ಸಂದಿಯಿಂದ ನೋಡಿ, "ಪರವಾಗಿಲ್ಲ ಕಣೇ, ನಗ್ತಾನೆ," ಅಂದಳು. ಅವಳಿಗೂ ಅವನು ಇಷ್ಟವಾಗಿದ್ದ. ಅದರಿಂದಲೇ ನನಗೆ ಸಂಕಟ ಜಾಸ್ತಿಯಾಯಿತು. ಬೇಡದ ಮದುವೆಯಾಗಿದ್ದರೆ ಮುರಿದುಬಿದ್ದರೂ ಸರಿ ಎನ್ನಬಹುದಿತ್ತು. ಇದು ಮುರಿಯಬಾರದಿತ್ತು.

ನಮ್ಮಲ್ಲಿ ಧಾರೆ ಸೀರೆ ಗಂಡಿನ ಮನೆಯದು. ಅದರ ರವಿಕೆಯನ್ನೂ ಅವರೇ ಹೊಲಿಸಿ ತರಬೇಕು. ಅದಕ್ಕೆ ಹೆಣ್ಣಿನ ಮನೆಯಿಂದ ಒಂದು ಅಳತೆ ರವಿಕೆ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಒಂದು ಭಾನುವಾರ ನಾವು ಊರಿಗಾಂನಿಂದ ಮನೆಗೆ ಬಂದಾಗ, ಮದುವೆ ಕೆಲಸಕ್ಕೆಂದು ಹಳ್ಳಿಯಿಂದ ಬಂದಿದ್ದ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಗಂಡಿನ ತಾಯಿ ಆಗಷ್ಟೇ ಬಂದು ಹೋಗಿದ್ದರು.

"ಅಳತೆ ಕೇಳಿದ್ರು, ಕೊಟ್ಟು ಕಳಿಸ್ದೆ," ಎಂದಳು ಅಜ್ಜಿ.

"ಯಾವುದು ಕೊಟ್ಟೆ ಅವ್ವಾ?"

"ನಿನ್ನ ಟ್ರಂಕ್ನಾಗೆ ತಳಕ್ಕೆ ಪೇಪರ್ ಸುತ್ತಿ ಮಡಗಿದ್ಯಲ್ಲ, ಹಸಿರುದು. ಎಲ್ಲಾ ತೆಗೆದು ನೋಡ್ದೆ, ಮಾಸಿದ್ವು. ಅಳತೆಗೆ ಮಾಸಿದ್ದು ಕೊಟ್ರೆ ನಮ್ಮ ಮರ್ಯಾದೆ ಏನಾಯ್ತದೆ? ಅದೂ ಅಲ್ದೆ..." ಅಜ್ಜಿಯ ದನಿ ಮೆತ್ತಗಾಯಿತು. "ಅದು ನನ್ನ ಧಾರೆ ಸೀರೇದಲ್ಲೇನೇ? ಎಷ್ಟು ಚೆಂದಾಗಿ ಒಲ್ದಿದ್ದೀಯ ತಾಯಿ. ನನಗೆ ಹೇಳಲೇ ಇಲ್ಲ. ನನ್ನ ಸೀರೇದೇ ಅಳತೆಗೆ ಹೋದ್ರೆ ನಿನಗೂ ಒಳ್ಳೇದಾಯ್ತದೆ ಅಂತ ಕೊಟ್ಟೆ."

ಚಿಕ್ಕಮ್ಮ ಚಪ್ಪಲಿ ಬಿಡುವುದನ್ನು ಮರೆತು ನಿಂತಳು. ಅಜ್ಜಿಯ ಕಣ್ಣಲ್ಲಿ ನೀರಿತ್ತು, ಅವಳನ್ನು ಬೈಯುವುದು ಹೇಗೆ?

"ಎಲ್ಲಿ ಒಲಿಯಕ್ಕೆ ಕೊಡ್ತಾರಂತೆ?" ಎಂದು ಮಾತ್ರ ಕೇಳಿದಳು.

"ರಾಬರ್ಟ್‌ಸನ್‌ಪೇಟೇಲಿ ಯಾವನೋ ದೊಡ್ಡ ಟೈಲರಂತೆ."

ಬಾಣಲೆಯಿಂದ ಬೆಂಕಿಗೆ ಬಿದ್ದೆವು. ಕಾಮಸಮುದ್ರದಲ್ಲೋ ಬೂದಿಕೋಟೆಯಲ್ಲೋ ಕೊಟ್ಟಿದ್ದರೆ ಆ ತೋಳನ್ನು ಯಾರೂ ಗುರುತಿಸುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯೆಂದರೆ ಗಣಿಯ ಇಡೀ ಜನ ಬಟ್ಟೆಬರೆಗೆ ಬರುವ ಜಾಗ. ಈ ರವಿಕೆ ಮಿಸ್ ಶೀಲಾಳದು ಎಂದು ಯಾರಾದರೊಬ್ಬ ಹುಡುಗಿ ಅಂದರೆ ಸಾಕು. ಆ ವಾರವಿಡೀ ನಾನು ಸ್ಕೂಲಿನಲ್ಲಿ ಮಗ್ಗಿ ತಪ್ಪಿದೆ. ಮನೆಗೆ ಬರುವಾಗ ಓಣಿಯ ತಿರುವಿನಲ್ಲಿ ನಿಂತು, ಬಾಗಿಲ ಮುಂದೆ ತಾತನ ಚಪ್ಪಲಿ ಇದೆಯೇ ಎಂದು ಇಣುಕಿ ನೋಡಿ ಮುಂದೆ ಹೆಜ್ಜೆ ಇಡುತ್ತಿದ್ದೆ.

ಮುಂದಿನ ಭಾನುವಾರ ಚಿಕ್ಕಮ್ಮ ಅದೇ ಅಳತೆಯ ಒಂದು ಸಾದಾ ರವಿಕೆಯನ್ನು ಚೀಲದಲ್ಲಿಟ್ಟುಕೊಂಡಳು. ಗಂಡಿನ ಕಡೆಯವಳೆಂದು ಹೇಳಿ ಬದಲಾಯಿಸಿಕೊಂಡು ಬರುವ ಯೋಚನೆ. ಊರಿಗಾಂನಲ್ಲಿ ಇಳಿದು ಟೀಚರ ಮನೆಗೆ ಹೋಗದೆ ಸೀದಾ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿದೆವು. ಅಂಗಡಿ ಹುಡುಕಬೇಕಾಗಿಯೇ ಬರಲಿಲ್ಲ. ರಸ್ತೆಯ ಆ ಕಡೆಯಿಂದಲೇ ಕಾಣಿಸಿತು. ಹಸಿರು ರವಿಕೆಯನ್ನು ಟೈಲರ್ ಅಂಗಡಿಯ ಮುಂದೆ ಹ್ಯಾಂಗರಿಗೆ ಹಾಕಿ ಮಾದರಿಯೆಂದು ತೂಗುಬಿಟ್ಟಿದ್ದ. ಸುತ್ತ ನಾಲ್ಕಾರು ಹುಡುಗಿಯರು.

"ಶೀಲಾ ತೋಳು ಕಣೇ," ಎಂದಳೊಬ್ಬಳು, ಜರಿಯನ್ನು ಸವರುತ್ತ. "ಎಲ್ಲಾ ಕಡೆ ನೋಡಿದ್ದೀನಿ, ಇಷ್ಟು ಚೆನ್ನಾಗಿ ಯಾರೂ ಒಲ್ದಿಲ್ಲ."

ಚಿಕ್ಕಮ್ಮ ಆ ಹುಡುಗಿಯನ್ನೇ ನೋಡಿದಳು. ಹೆದರಿ ಬೆವೆತಿದ್ದರೂ ಆ ಮಾತಿಗೆ ಅವಳ ಮುಖ ಅರಳಿತು. ಅಷ್ಟರಲ್ಲಿ ಟೈಲರ್ ತಲೆಯೆತ್ತಿದ. "ಏಂ ಕಾವಾಲಮ್ಮಾ, ಏನ್ ಬೇಕು? ನಿಮಗೂ ಇದೇ ಮಾಡೆಲ್ಲಾ? ಇದು ಮದ್ವೆಯವರ ಅಳತೆ, ಅವರು ಒಳಗೇ ಅವ್ರೆ, ಕೇಳಿ ಕೊಡ್ತೀನಿ."

ಒಳಗಿನಿಂದ "ಯಾರಪ್ಪಾ ಅದು?" ಎಂದು ಹೆಂಗಸಿನ ದನಿ ಬಂತು. ಗಂಡಿನ ತಾಯಿ! ಚಿಕ್ಕಮ್ಮ ನನ್ನ ಕೈ ಹಿಡಿದಳೋ ನಾನು ಅವಳ ಕೈ ಹಿಡಿದೆನೋ ಗೊತ್ತಿಲ್ಲ, ಇಬ್ಬರೂ ತರಕಾರಿ ಗಾಡಿಗಳ ನಡುವೆ ನುಗ್ಗಿ ಓಡಿದೆವು. ಬಸ್ ಸ್ಟ್ಯಾಂಡಿನಲ್ಲಿ ಏದುಸಿರು ಬಿಡುತ್ತ ನಿಂತಾಗ ನೋಡಿದರೆ ನನ್ನ ಒಂದು ಕಾಲಿನ ಚಪ್ಪಲಿ ಇರಲಿಲ್ಲ.

ಕ್ರಿಸ್‌ಮಸ್ ಮಾರನೆಯ ದಿನ ಆ ವರ್ಷದ ದೊಡ್ಡ ಕಾರ್ಯಕ್ರಮ. ಮದುವೆಗೆ ಮುಂಚೆ ಚಿಕ್ಕಮ್ಮ ಹಾಡಬೇಕಿದ್ದ ಕೊನೆಯದೂ ಹೌದು. ಅವಳು ಬರುವುದಿಲ್ಲ ಎಂದಾಗ ಸ್ಟೆಲ್ಲಾ ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡರು.

"ಭಯ ಪಡಬೇಡ ಮಾ. ಸಾದಾ ಸೀರೆ ಉಟ್ಟು ಬಾ. ಒಂದೇ ಒಂದು ಪಾಟ್ಟು ಹಾಡಿಬಿಟ್ಟು ಓಡಿಬಿಡು. ಜನ ಕೇಳ್ತಾರಲ್ಲ, ಶೀಲಾ ಎಲ್ಲಿ ಅಂತ, ನಾನು ಏನು ಹೇಳ್ಳಿ?"

"ಮದ್ರಾಸಿಗೆ ಹೊಂಟೋದ್ಲು ಅನ್ನಿ ಟೀಚರ್," ಎಂದಳು ಚಿಕ್ಕಮ್ಮ.

ಆ ದಿನ ಅವಳು ನಮ್ಮ ಮನೆಯ ಹಿತ್ತಲಲ್ಲಿ ಕೂತು ಅವರೆಕಾಳು ಹಿದುಕಿದಳು. ಮಧ್ಯಾಹ್ನದ ಮಾರಿಕುಪ್ಪಂ ರೈಲು ಕೂಗಿದಾಗ ಕೈ ನಿಂತಿತು. ರೈಲು ಹೋದ ಮೇಲೆ ಮತ್ತೆ ಹಿದುಕತೊಡಗಿದಳು. ನಾನು ಬೇಳೆ ಚಿಮ್ಮಿಸಿ ಅವಳ ಕೆನ್ನೆಗೆ ಹೊಡೆದೆ, ಬೈಯಲಿಲ್ಲ. ಸಂಜೆ ನಾನು ಓಣಿಯ ತುದಿಯ ಗಂಗಮ್ಮನ ಗುಡಿಗೆ ಹೋಗಿ ಬಾಗಿಲ ಕಂಬಿ ಹಿಡಿದು ಹರಕೆ ಹೊತ್ತೆ. "ತಾಯಿ, ಮಿಸ್ ಶೀಲಾ ಅಂದರೆ ನಮ್ಮ ಚಿಕ್ಕಮ್ಮ ಅಂತ ಯಾರಿಗೂ, ಯಾವತ್ತಿಗೂ ಗೊತ್ತಾಗಬಾರದು. ನಾನೇ ಕೈಯಾರೆ ತಂಬಿಟ್ಟು ಮಾಡಿ ತರುತ್ತೇನೆ, ಬೆಲ್ಲ ಜಾಸ್ತಿ ಹಾಕಿ."

ಸಂಕ್ರಾಂತಿ ಕಳೆದು, ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ಗಂಡಿನ ಕಡೆಯವರು ತಟ್ಟೆಗಳನ್ನು ತಂದರು. ನಾನು ಚಿಕ್ಕಮ್ಮನ ಬೆನ್ನಿಗೆ ಅಂಟಿಕೊಂಡು ಕೂತಿದ್ದೆ. ಅರಿಶಿನ, ಕುಂಕುಮ, ಹೂವು, ಕೆಂಪು ಧಾರೆ ಸೀರೆ. ಗಂಡಿನ ತಾಯಿ ಮಡಿಕೆ ಬಿಚ್ಚಿ ರವಿಕೆ ಎತ್ತಿ ಹಿಡಿದರು. ಮೊಣಕೈವರೆಗೆ ಬಿಗಿ, ಕೆಳಗೆ ಫ್ರಿಲ್, ತುದಿಗೆ ಜರಿ. ಬಲಗೈ ತೋಳು ಒಂದು ಬೆರಳು ಉದ್ದ. ಅಳತೆ ಅಂದರೆ ಅಳತೆ, ಟೈಲರ್ ಒಂದು ನೂಲೂ ಆಚೀಚೆ ಮಾಡಿರಲಿಲ್ಲ. ಅದರ ಪಕ್ಕದಲ್ಲಿ ಹಸಿರು ರವಿಕೆ ಮಡಚಿ ಕೂತಿತ್ತು. ತಾತ ಹುಬ್ಬು ಗಂಟಿಕ್ಕಿದ. "ಇದೇನಮ್ಮಾ, ಇದ್ಯಾವ ತರಾ ರವಿಕೆ?"

ಈಗ ಹೇಳಿಬಿಡುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಗಂಡಿನ ತಾಯಿ ನಕ್ಕರು. "ಅಯ್ಯೋ ಈಗಿನ ಹುಡುಗೀರಿಗೆಲ್ಲ ಇದೇ ಬೇಕಂತೆ ಬೀಗ್ರೇ. ನಿಮ್ಮ ಹುಡುಗಿನೂ ಅದನ್ನ ನೋಡ್ಕೊಂಡೇ ಒಲ್ದವಳೆ. ಯಾವಳೋ ಸಿನಿಮಾದೋಳು ಹಾಕಿದ್ಲಂತೆ, ಟೈಲರ್ ಹೇಳ್ದ. ಕೈ ತುಂಬಾ ಮುಚ್ತದೆ, ಲಕ್ಷಣವಾಗೈತೆ, ಅಂಗೇ ಒಲ್ಸಿಬಿಟ್ಟೆ."

ತಾತ ತಲೆದೂಗಿದ. ಸಿನಿಮಾದ್ದು ಅಂದರೆ ದೂರದ್ದು, ದೂರದ್ದಾದರೆ ತಪ್ಪಿಲ್ಲ. ಹೋದ ಜೀವ ಬಂದಂತಾಗಿ ನಾನು ಚಿಕ್ಕಮ್ಮನ ಬೆನ್ನಿಗೆ ಮುಖ ಒತ್ತಿ ನಕ್ಕೆ. ಮದುವಣಗಿತ್ತಿ ಆ ಹೊತ್ತಲ್ಲಿ ತಲೆ ಎತ್ತಬಾರದು, ಮಾತಾಡಬಾರದು. ಚಿಕ್ಕಮ್ಮ ತಲೆ ಎತ್ತಿದಳು.

"ಯಾವ ಸಿನಿಮಾದೋಳಂತೆ ಅತ್ತೆ?"

"ನನಗೇನು ಗೊತ್ತಮ್ಮಾ? ಯಾರೋ ಬೊಂಬಾಯಿನೋಳಂತೆ."

ಚಿಕ್ಕಮ್ಮನ ಬಾಯಿ ಸ್ವಲ್ಪ ತೆರೆಯಿತು. ಮತ್ತೆ ಮುಚ್ಚಿಕೊಂಡಿತು. ಅವಳು ತಲೆ ತಗ್ಗಿಸಿದಳು. ಎಲ್ಲರೂ ನಾಚಿಕೆ ಎಂದುಕೊಂಡು ನಕ್ಕರು.

ಮದುವೆ ಚೆನ್ನಾಗಿಯೇ ಆಯಿತು. ನಗುವ ಗಂಡ ಕೊನೆಯವರೆಗೂ ನಗುತ್ತಲೇ ಅವಳನ್ನು ನೋಡಿಕೊಂಡ. ಬೇರೆಯವರ ಬಟ್ಟೆ ಹೊಲಿಯುವ ಕರ್ಮ ನಮ್ಮ ಸೊಸೆಗೆ ಬೇಡ ಎಂದು ಅತ್ತೆ ಹೇಳಿದ್ದರಿಂದ ಅಮ್ಮ ಅವಳಿಗೆ ಕೊಡಿಸಿದ್ದ ಹೊಲಿಗೆ ಮಿಷನ್ನು ನಮ್ಮ ಮನೆಯಲ್ಲೇ ಉಳಿಯಿತು, ಅದರ ಮೇಲೆ ಅಮ್ಮ ಉಪ್ಪಿನಕಾಯಿ ಜಾಡಿ ಇಟ್ಟಳು. ಮದುವೆಗೆ ಬಂದ ಹೆಂಗಸರು ಆ ತೋಳನ್ನು ಬಂಗಾರಪೇಟೆಗೂ ಮಾಲೂರಿಗೂ ಮುಳಬಾಗಿಲಿಗೂ ಕೊಂಡೊಯ್ದರು. ನನ್ನ ಸ್ಕೂಲಿನ ಟೀಚರುಗಳೂ ಬಲಗೈ ಉದ್ದ ಬಿಟ್ಟುಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಯಾವ ಹೀರೋಯಿನ್ ಹಾಕಿದ್ದು ಎಂದು ಅವರವರಲ್ಲೇ ಜಗಳ. ನಾನು ಮಾತು ತಪ್ಪಲಿಲ್ಲ. ಕೈಯಾರೆ ತಂಬಿಟ್ಟು ಮಾಡಿ, ಡಬ್ಬಿಯ ತಳ ಕೆರೆದು ಬೆಲ್ಲವನ್ನೆಲ್ಲ ಹಾಕಿ ಗಂಗಮ್ಮನಿಗೆ ಕೊಟ್ಟೆ.

ಈಗ ಗಣಿ ಮುಚ್ಚಿದೆ, ಸೈರನ್ ಇಲ್ಲ. ಊರಿಗಾಂನ ಆ ಲೈನ್ ಮನೆಗಳಲ್ಲಿ ಎಷ್ಟಕ್ಕೋ ಬೀಗ ಬಿದ್ದಿದೆ, ಕಾರ್ಯಕ್ರಮ ನಡೆದ ಹಾಲಿನ ಮೆಟ್ಟಿಲ ಮೇಲೆ ಮೇಕೆಗಳು ಮಲಗುತ್ತವೆ. ಸ್ಟೆಲ್ಲಾ ಟೀಚರ್ ಹೋದರು, ತಾತ ಹೋದ, ಚಿಕ್ಕಮ್ಮನ ಅತ್ತೆಯೂ ಹೋದರು. ಚಿಕ್ಕಮ್ಮನ ಹಾಡನ್ನು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಆ ಧ್ವನಿ ಹೇಗಿತ್ತೆಂದು ಕೇಳಿದರೆ ನಾನೂ ಸುಮ್ಮನೆ ಕೈ ಬೀಸಿ ತೋರಿಸಬೇಕು, ಅಷ್ಟೇ.

ಕಳೆದ ಅವರೆಕಾಯಿ ಕಾಲದಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆ ಗೊತ್ತಾಯಿತು. ಬ್ಲೌಸ್ ಹೊಲಿಸಲು ಬಂಗಾರಪೇಟೆ ಬಜಾರಿಗೆ ಚಿಕ್ಕಮ್ಮನ ಜೊತೆ ನಾನೂ ಹೋದೆ. ಪಾನಿಪುರಿ ಅಂಗಡಿಯ ಮೇಲಿನ ಬೊಟೀಕಿನ ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿದಳು. ಮೊಣಕೈವರೆಗೆ ಬಿಗಿ, ಕೆಳಗೆ ಫ್ರಿಲ್, ತುದಿಗೆ ಜರಿ.

"ಇದು ಈಗ ಟ್ರೆಂಡಿಂಗ್ ಅಜ್ಜಿ. ಹಳೇ ಕಾಲದ ಮಾಡೆಲ್ಲು, ತಿರುಗಾ ಬಂದೈತೆ."

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. "ಬಲಗೈಗೆ ಒಂದು ಬೆರಳು ಉದ್ದ ಇಡಮ್ಮಾ," ಎಂದಳು.

"ಯಾಕಜ್ಜಿ? ಎರಡೂ ಸಮ ಇದ್ರೆ ತಾನೇ ಚೆಂದ? ಯಾರು ಹೇಳಿದ್ದು ನಿಮಗೆ ಅಂಗೆ?"

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಹೇಳು, ಎಂದು ನನ್ನ ಮನಸ್ಸು ಕೂಗಿತು. ಈಗಲಾದರೂ ಹೇಳು, ಇನ್ನು ಯಾರ ಭಯ? ಅವಳು ಸೆರಗಿನ ತುದಿಯನ್ನು ಎಳೆದು ಬಲಗೈ ಮುಚ್ಚಿಕೊಂಡಳು.

"ಗ್ಯಾಪಕ ಇಲ್ಲ ಕಣಮ್ಮಾ. ಯಾವುದೋ ಸಿನಿಮಾದಾಗೆ ನೋಡಿದ್ದೆ," ಅಂದಳು.

ಮೆಟ್ಟಿಲು ಇಳಿದು ಬರುವಾಗ ತಳ್ಳುಗಾಡಿಯಲ್ಲಿ ಅವರೆಕಾಯಿಯ ರಾಶಿ ಇತ್ತು, ಸೊಗಡು ಮೂಗಿಗೆ ಬಡಿಯಿತು. ಮಕ್ಕಳ ಹರಕೆಯನ್ನು ಗಂಗಮ್ಮ ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆಂದು ಗೊತ್ತಿದ್ದರೆ, ಆವತ್ತು ತಂಬಿಟ್ಟಿಗೆ ನಾನು ಅಷ್ಟು ಬೆಲ್ಲ ಹಾಕುತ್ತಿರಲಿಲ್ಲ.